ಎಡ ಕಾರ್ನರಿನ ಅಣ್ಣ

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಿಥಿಯ ಊಟ ಮುಗಿದ ಮೇಲೆ ಅವನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, “ಮೇಷ್ಟ್ರೇ, ನೀವು ಇವರ ಇಸ್ಯ ಏನಾರ ಬರೀತೀರಿ ಅಂತ ಗೊತ್ತು. ಬರೀರಿ. ಎಸ್ರು ಮಾತ್ರ ಆಕ್‌ಬ್ಯಾಡಿ. ಟೀವೀಲಿ ಕೂಗಿದ್ದೇ ಸಾಕಾಗದೆ” ಎಂದರು. ಆಗಲಿ ಅಂದೆ. ಜೊತೆಯಲ್ಲಿ ಆಡಿದ ನಾವೆಲ್ಲ ಅವನನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ಇಲ್ಲೂ ಹಾಗೇ ಇರಲಿ.

ಅಣ್ಣ ಕಬಡ್ಡಿ ಆಟಗಾರ. ಅದೇ ಅವನ ವೃತ್ತಿ. ಎದುರಾಳಿ ರೈಡರ್ ಉಸಿರು ಕಟ್ಟಿಕೊಂಡು ನಮ್ಮ ಅಂಕಣಕ್ಕೆ ಬಂದಾಗ ಏಳು ಜನ ಕೈಕೈ ಹಿಡಿದು ಬಿಲ್ಲಿನ ಹಾಗೆ ಬಾಗಿ ನಿಲ್ಲುತ್ತಾರಲ್ಲ, ಅದರ ಎರಡು ತುದಿಯಲ್ಲಿ ಇರುವವರು ಕಾರ್ನರುಗಳು. ರೈಡರನ ಕಾಲಿಗೆ ಮೊದಲು ಕೈ ಹಾಕಬೇಕಾದವರು ಅವರು. ಅವರು ಹಿಡಿದರೆ ಉಳಿದವರು ಬಂದು ಮೇಲೆ ಬೀಳುತ್ತಾರೆ. ಅಣ್ಣ ಎಡ ಕಾರ್ನರು, ನಾನು ಅವನ ಪಕ್ಕದಲ್ಲಿ ನಿಂತು ಬೆಂಬಲಕ್ಕೆ ನುಗ್ಗುವ ಕವರು. ಹೈಸ್ಕೂಲಿನಿಂದ ಹಿಡಿದು ನನಗೆ ಶ್ರೀರಂಗಪಟ್ಟಣದಲ್ಲಿ ಮೇಷ್ಟ್ರ ಕೆಲಸ ಸಿಗುವ ತನಕ, ನಾಗಮಂಗಲ ತಾಲ್ಲೂಕಿನ ಎಷ್ಟೋ ಊರುಗಳ ಮಣ್ಣಿನ ಅಂಕಣಗಳಲ್ಲಿ ಅವನ ಬಲಗೈ ನನ್ನ ಎಡಗೈಯೊಳಗೆ ಇತ್ತು. ಬೇಸಿಗೆಯ ಬಿಸಿಲಲ್ಲೂ ಆ ಕೈ ತಣ್ಣಗಿರುತ್ತಿತ್ತು. ನುಗ್ಗುವ ಮುಂಚೆ ನನ್ನ ಬೆರಳುಗಳನ್ನು ಒಂದು ಸಲ ಒತ್ತುತ್ತಿದ್ದ. ಮರುಕ್ಷಣ ಕೈಯೊಳಗೆ ಕೈ ಇರುತ್ತಿರಲಿಲ್ಲ. ನೆಲದ ಮೇಲೆ ರೈಡರನ ಹಿಮ್ಮಡಿಗೆ ಅಂಟಿಕೊಂಡು ಬಿದ್ದಿರುತ್ತಿದ್ದ.

ನಮ್ಮಿಬ್ಬರದೂ ಬಿಂಡಿಗನವಿಲೆ ಕಡೆಯ ಒಂದೇ ಊರು. ಅವನ ಮನೆಯಲ್ಲಿ ಕುರಿ ಇದ್ದವು. ಮಂದೆಯೊಳಗೆ ಒಂದು ಕುರಿಯನ್ನು ಹಿಡಿಯಬೇಕಾದರೆ ಎದುರಿನಿಂದ ಹೋಗಬಾರದು, ಅದು ಬೇರೆ ಕಡೆ ನೋಡುವಾಗ ಪಕ್ಕದಿಂದ ಬಗ್ಗಿ ಹಿಂಗಾಲಿನ ಗಂಟಿನ ಮೇಲೆ ಹಿಡಿಯಬೇಕು. ಅದನ್ನು ಅವರಪ್ಪ ಅವನಿಗೆ ಕಲಿಸಿದ್ದರು. ರಾಜ್ಯ ತಂಡದ ಶಿಬಿರದಲ್ಲಿ ತರಬೇತುದಾರರು ಅವನ ಹಿಡಿತ ನೋಡಿ, ಯಾರಯ್ಯ ನಿನಗೆ ಕಲಿಸಿದ್ದು ಎಂದು ಕೇಳಿದರಂತೆ. “ನಮ್ಮಪ್ಪ ಸಾ. ಆದ್ರೆ ಅವ್ರು ಕಬಡ್ಡಿ ಆಡಿಲ್ಲ” ಅಂದನಂತೆ. ಇದನ್ನು ಹೇಳುವಾಗ ಮಾತ್ರ ಅವನ ಮುಖದಲ್ಲಿ ಸ್ವಲ್ಪ ನಗು ಇರುತ್ತಿತ್ತು. ಉಳಿದಂತೆ ನಗುವವನಲ್ಲ. ಮಾತೂ ಕಡಿಮೆ. ಆಟಕ್ಕೆ ಮುಂಚೆ ಹುಡುಗರು ಕುಣಿದು ಕೂಗಾಡುತ್ತಿದ್ದರೆ ಅವನು ಮೂಲೆಯಲ್ಲಿ ಕೂತು ತನ್ನ ಸೊಟ್ಟ ಬೆರಳುಗಳಿಗೆ ಒಂದೊಂದಾಗಿ ಬಿಳಿ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಎರಡು ಕೈಯಲ್ಲೂ ನೆಟ್ಟಗಿರುವ ಬೆರಳು ಕಡಿಮೆ. ಒಂದೊಂದೂ ಒಂದೊಂದು ಊರಲ್ಲಿ ಮುರಿದದ್ದು. ಮುದ್ದೆ ಮುರಿಯುವಾಗ ಕಿರುಬೆರಳು ಮಡಚದೆ ಹಾಗೇ ಎದ್ದು ನಿಂತಿರುತ್ತಿತ್ತು.

ಆಮೇಲೆ ದುಡ್ಡಿನ ಲೀಗು ಬಂತು. ಮಣ್ಣು ಹೋಗಿ ಮ್ಯಾಟು ಬಂತು. ಉತ್ತರದ ಕಡೆಯ ಒಂದು ತಂಡ ಅವನನ್ನು ಕೊಂಡಿತು. ಮೊದಲ ಪಂದ್ಯದ ದಿನ ಅವರ ಮನೆಯ ಟೀವಿಯನ್ನು ಜಗಲಿಗೆ ತಂದಿಟ್ಟು ಊರೆಲ್ಲ ಕೂತಿದ್ದೆವು. ಹಿಂದಿಯಲ್ಲಿ ಅವನ ಹೆಸರನ್ನು ಎಳೆದೆಳೆದು ಕೂಗುತ್ತಿದ್ದರು. ಅವರವ್ವ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕೇಳಿದರು: “ಎಲ್ರೂ ನಡೂಮದ್ಯ ಅವ್ರೆ, ಇವ್ನು ಯಾಕ್ಲಾ ಯಾವಾಗ್ಲೂ ಮೂಲೇಲೇ ನಿಂತವ್ನೆ? ಯಾರಾರ ಬೈದವ್ರಾ?”

“ಇಲ್ಲ ಕಣವ್ವ, ಅದೇ ಅವನ ಜಾಗ” ಅಂದೆ.

“ಅಷ್ಟ್ ದೂರ ಕರ್ಕಂಡ್ ಓಗಿ ಮೂಲೇಲ್ ನಿಲ್ಸವ್ರೆ ನೋಡು” ಎಂದು ಎದ್ದು ಒಳಗೆ ಹೋದರು.

ಆ ವರ್ಷಗಳು ಚೆನ್ನಾಗಿದ್ದವು. ಮದುವೆಯಾದ, ಮಗಳು ಹುಟ್ಟಿದಳು. ಪಾಂಡವಪುರದಲ್ಲಿ ಒಂದು ಚಿಕ್ಕ ಮನೆ ಮಾಡಿಕೊಂಡ. ಮಂಡಿ ನೋವು ಮಾತ್ರ ಆಗಲೇ ಹಿಡಿದಿತ್ತು. ಊಟಕ್ಕೆ ಮುಂಚೆ ಒಂದು, ಮಲಗುವ ಮುಂಚೆ ಒಂದು ನೋವಿನ ಮಾತ್ರೆ ನುಂಗುತ್ತಿದ್ದ. ಕೇಳಿದರೆ, “ಇದೂ ಪ್ರಾಕ್ಟೀಸೇ” ಅನ್ನುತ್ತಿದ್ದ.

ಒಂದು ಬೇಸಿಗೆ, ಲೀಗು ಮುಗಿಸಿ ಊರಿಗೆ ಬಂದಿದ್ದಾಗ, ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಊರಿನಲ್ಲಿ ಪಂದ್ಯಾವಳಿ ಇಟ್ಟಿದ್ದರು. ನಮ್ಮೂರ ತಂಡಕ್ಕೆ ಅವನು ಆಡಬೇಕು ಅಂತ ಹುಡುಗರು ಹಟ ಹಿಡಿದರು. ಟೀವಿಯಲ್ಲಿ ಬಂದವನು ಆಡುತ್ತಾನೆ ಅಂದರೆ ಜನ ಸೇರುತ್ತಾರಲ್ಲ. ಹಳೇ ಜೋಡಿ ಅಂತ ನನ್ನನ್ನೂ ಕರೆದರು. ಸೆಮಿಫೈನಲ್ ಸಂಜೆ ಬಿಸಿಲಿರುವಾಗಲೇ ಶುರುವಾಯಿತು. ಎದುರು ತಂಡ ಆ ಊರಿನದೇ. ಅವರ ರೈಡರ್ ಚಂದ್ರು, ಪಿಯುಸಿ ಮುಗಿಸಿ ಅಪ್ಪನ ಜೊತೆ ಕಬ್ಬು ಕಡಿಯಲು ಹೋಗುತ್ತಿದ್ದ ಹುಡುಗ. ತೆಳ್ಳಗೆ, ಮಿಂಚಿನ ಕಾಲು. ಮೊದಲ ಸಲ ಬಂದವನೇ ನನ್ನನ್ನು ಮುಟ್ಟಿ ಔಟು ಮಾಡಿ ಹೋದ. ನಾನು ಗೆರೆಯಾಚೆ ಕೂತೆ. ಕೂತಲ್ಲಿಂದ ಅಣ್ಣನ ಕಡೆ ನೋಡಿದೆ. ಹುಡುಗನನ್ನು ಮೆಚ್ಚಿದವನ ಹಾಗೆ ತಲೆಯಾಡಿಸುತ್ತಿದ್ದ.

ಚಂದ್ರು ಮತ್ತೆ ಬಂದ. ನಮ್ಮ ಅಂಕಣದೊಳಗಿನ ಬೋನಸ್ ಗೆರೆ ದಾಟಿ ಅಂಕ ತೆಗೆಯುವುದಕ್ಕೆ ಬಲಗಾಲು ಚಾಚಿದ. ಭಾರವೆಲ್ಲ ಇನ್ನೊಂದು ಕಾಲಿನ ಮೇಲಿತ್ತು. ಅಣ್ಣ ಬಗ್ಗಿ ಆ ಕಾಲಿಗೇ ಕೈ ಹಾಕಿದ. ಹುಡುಗ ಮುಂದಕ್ಕೆ ಬಿದ್ದ. ಬಿದ್ದವನ ಮೇಲೆ ನಮ್ಮ ಹುಡುಗರು, ಯಾವಾಗಲೂ ಬೀಳುವ ಹಾಗೆಯೇ, ಬಿದ್ದರು. ಸೀಟಿ ಆಯಿತು. ಮೈಕಿನವನು “ಅದ್ಭುತ ಕ್ಯಾಚು, ಅದ್ಭುತ ಕ್ಯಾಚು” ಅಂತ ಕೂಗಿದ. ಜನ ಚಪ್ಪಾಳೆ ತಟ್ಟಿದರು. ಅಣ್ಣ ಎದ್ದು ಬಟ್ಟೆಯ ಮಣ್ಣು ಒದರಿಕೊಂಡು, ಏಳಿಸಲು ಹುಡುಗನ ಕಡೆ ಕೈ ಚಾಚಿದ. ಹುಡುಗ ಕೈ ಕೊಡಲಿಲ್ಲ. ಕಣ್ಣು ಬಿಟ್ಟುಕೊಂಡು ಮಣ್ಣಿನ ಮೇಲೆ ಮಲಗಿದ್ದ. “ಅಣ್ಣ, ನನ್ ಕೈ ಎಲ್ಲವೆ?” ಅಂದ.

ಕುತ್ತಿಗೆಯ ಮೂಳೆ. ಕೆ.ಆರ್. ಪೇಟೆಗೆ, ಅಲ್ಲಿಂದ ಮೈಸೂರಿಗೆ ಕರೆದುಕೊಂಡು ಹೋದರು. ಜೀವ ಉಳಿಯಿತು. ಕುತ್ತಿಗೆಯಿಂದ ಕೆಳಗೆ ಏನೂ ಉಳಿಯಲಿಲ್ಲ.

ಯಾರೂ ಅಣ್ಣನನ್ನು ದೂರಲಿಲ್ಲ. ಅಂಪೈರು ನಿಯಮದ ಪ್ರಕಾರವೇ ಹಿಡಿದದ್ದು ಅಂದರು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡು ಹೋದರು. ಎರಡೂ ಊರಿನ ಹಿರಿಯರು ಕೂತು, ಇದು ಆಟದಲ್ಲಿ ಆದದ್ದು, ಯಾರ ತಪ್ಪೂ ಅಲ್ಲ ಅಂದರು. ವಾರದ ಮೇಲೆ ಪಾಂಡವಪುರದ ಅವನ ಮನೆಯಲ್ಲಿ ನಾನೂ ಅದನ್ನೇ ಹೇಳಿದೆ. ಅವನು ತನ್ನ ಸೊಟ್ಟ ಬೆರಳುಗಳನ್ನು ನೋಡಿಕೊಂಡ.

“ನನ್ ತಪ್ಪು ಅಂದಿದ್ರೆ ಒತ್ಕಂಡು ಓಡಾಡ್ಬೋದಿತ್ತು ಕಣ್ಲಾ. ಯಾರ್ ತಪ್ಪೂ ಅಲ್ಲ ಅಂದ್ಬುಟ್ರೆ ಇದ್ನ ಎಲ್ಲಿ ಮಡಗ್ಲಿ?”

 

ಮುಂದಿನ ಲೀಗಿಗೆ ಹೋದ. ಕರಾರು ಇತ್ತು, ಹೋಗಲೇಬೇಕಿತ್ತು. ನಾನು ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ಕೂತು ನೋಡುತ್ತಿದ್ದೆ. ಒಂದು ಪಂದ್ಯದ ಕೊನೆಗೆ ರೈಡರನ ಹಿಮ್ಮಡಿ ಸರಿಯಾಗಿ ಅವನ ಎರಡು ಕೈಯೊಳಗೆ ಸಿಕ್ಕಿತು. ಕವರುಗಳು ಮೇಲೆ ಬೀಳಲು ಬರುತ್ತಿದ್ದರು. ರೈಡರ್ ಕಾಲು ಬಿಡಿಸಿಕೊಂಡು ಗೆರೆ ದಾಟಿದ. ಹಿಡಿತ ಜಾರಿತು ಅಂತ ಟೀವಿಯವರು ಹೇಳಿ ಮತ್ತೆ ಮತ್ತೆ ನಿಧಾನವಾಗಿ ತೋರಿಸಿದರು. ಮಾರನೆಯ ದಿನ ಫೋನು ಮಾಡಿ, ಮ್ಯಾಟು ಜಾರಿತೇನಣ್ಣ ಅಂದೆ.

“ಜಾರ್ನಿಲ್ಲ. ನಾನೇ ಬುಟ್ಟೆ” ಅಂದ.

ಆಮೇಲೆ ಅವನನ್ನು ಹೊರಗೆ ಕೂರಿಸಿದರು. ಮರುವರ್ಷ ಯಾವ ತಂಡವೂ ಕೊಳ್ಳಲಿಲ್ಲ. ಪಾಂಡವಪುರದ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಆಟ ಆಡಿಸುವ ಕೆಲಸಕ್ಕೆ ಸೇರಿಕೊಂಡ. ಓಟ ಕಲಿಸಿದ, ವಾಲಿಬಾಲ್ ಕಲಿಸಿದ. ಕಬಡ್ಡಿಯಲ್ಲಿ ರೈಡು ಹೋಗುವುದನ್ನು ಮಾತ್ರ ಕಲಿಸಿದ. ಹಿಡಿಯುವುದನ್ನು ಕಲಿಸಿ ಸಾರ್ ಅಂತ ಮಕ್ಕಳು ಕೇಳಿದರೆ, ಕಾಲು ನೋವು ಅನ್ನುತ್ತಿದ್ದ.

ಭಾನುವಾರ ಬೆಳಿಗ್ಗೆ ಅವನು ಕೆ.ಆರ್. ಪೇಟೆ ಬಸ್ಸು ಹತ್ತುತ್ತಾನೆ ಅನ್ನುವುದು ಮೊದಮೊದಲು ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ ನನಗೆ ಫೋನು ಮಾಡಿ, “ಇವರು ಎಲ್ಲಿಗೆ ಓಯ್ತಾರೆ ಮೇಷ್ಟ್ರೇ? ಮಗೀಗೆ ಜ್ವರ ಬಂದಿದ್ರೂ ಓದ್ರು” ಎಂದು ಕೇಳಿದರು. ನಾನೇ ಅವನನ್ನು ಕೇಳಿದಾಗ ಹೇಳಿದ. ಚಂದ್ರುವಿನ ಊರಿಗೆ ಹೋಗುತ್ತಿದ್ದ. ಮನೆಯೊಳಗೆ ಸೇರಿಸುತ್ತಿರಲಿಲ್ಲ. ಚಂದ್ರುವಿನ ತಾಯಿ ಜಯಮ್ಮ ಮೊದಲ ದಿನ ಬಾಗಿಲಲ್ಲಿ ನಿಂತು, “ಯಾಕ್ ಬಂದೆ? ನೋಡಕ್ಕಾ? ನೋಡಕ್ಕೇನದೆ ಅಲ್ಲಿ?” ಎಂದು ಕದ ಹಾಕಿಕೊಂಡರಂತೆ. ಅವನು ಎದುರಿನ ಹೊಂಗೆಮರದ ಕೆಳಗೆ ಕೂತಿದ್ದು, ಮಧ್ಯಾಹ್ನದ ಬಸ್ಸಿಗೆ ಎದ್ದು ಬಂದನಂತೆ. ಮುಂದಿನ ಭಾನುವಾರವೂ ಹಾಗೆಯೇ. ಅದರ ಮುಂದಿನದೂ.

“ಕೂತ್ಕಂಡು ಏನ್ ಮಾಡ್ತೀಯಣ್ಣ?” ಅಂದೆ.

“ಏನಿಲ್ಲ. ಕೂತಿರ್ತೀನಿ. ಬೈಯ್ಯಕ್ಕಾದ್ರೂ ಒಬ್ರು ಎದುರ್ಗಿರ್ಲಿ ಅಂತ.”

ಮಳೆಗಾಲ ಕಳೆಯಿತು. ಒಂದು ಭಾನುವಾರ ಚಂದ್ರುವಿನ ಅಪ್ಪ ಕಬ್ಬಿನ ಕೆಲಸಕ್ಕೆ ಹೋಗಿದ್ದರು. ಚಂದ್ರುವಿನ ಮೈ ಇದ್ದಕ್ಕಿದ್ದಂತೆ ಸೆಟೆದು, ಅವನು ಮಂಚದಿಂದ ಅರ್ಧ ಕೆಳಗೆ ಜಾರಿದ. ಜಯಮ್ಮನಿಗೆ ಎತ್ತಲಾಗಲಿಲ್ಲ. ಹೊರಗೆ ಬಂದು ಮರದ ಕಡೆ ನೋಡಿ, “ಬಾಪ್ಪಾ” ಎಂದರು. ಅಷ್ಟೇ. ಅವತ್ತಿನಿಂದ ಅವನು ಒಳಗೆ ಹೋದ.

ಭಾನುವಾರದ ಕೆಲಸವೆಲ್ಲ ಅವನದಾಯಿತು. ಚಂದ್ರುವನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಸ್ನಾನ ಮಾಡಿಸುವುದು, ಬೆನ್ನ ಹುಣ್ಣಿಗೆ ಮುಲಾಮು ಹಚ್ಚುವುದು, ಗಡ್ಡ ತೆಗೆಯುವುದು, ಮಗ್ಗುಲು ಬದಲಾಯಿಸುವುದು. ಇವೆಲ್ಲ ಸಿನಿಮಾದ ಹಾಗೆ ಪ್ರೀತಿಯಿಂದ ನಡೆಯುತ್ತಿರಲಿಲ್ಲ. ಚಂದ್ರು ಬೈಯುತ್ತಿದ್ದ. ನೀರು ಬಿಸಿ ಅಂತ, ಬ್ಲೇಡು ತಾಗಿತು ಅಂತ, ಕೆಲವೊಮ್ಮೆ ಯಾಕೆ ಅಂತಲೇ ಇಲ್ಲ. ಅಣ್ಣನ ಹೆಂಡತಿ ಒಂದು ಸಲ ಜಗಳವಾಡಿ, ನಾನೂ ಬರುತ್ತೇನೆ ಅಂತ ಜೊತೆಯಲ್ಲಿ ಹೋದರು. ಮುಂದಿನ ಶನಿವಾರ ಚಂದ್ರುವಿಗೆಂದು ಚಕ್ಕುಲಿ ಸುಟ್ಟು ಡಬ್ಬಿಗೆ ತುಂಬಿಟ್ಟರು. ಆದರೆ ಮಗಳ ಹುಟ್ಟುಹಬ್ಬ ಭಾನುವಾರ ಬಂದಾಗ ಅವರು ಅಡುಗೆಮನೆಯಲ್ಲಿ ಅತ್ತದ್ದನ್ನೂ ನಾನು ನೋಡಿದ್ದೇನೆ. ಎರಡೂ ನಿಜ.

ಮಂಚದ ಕಂಬಿಗೆ ಒಂದು ಮೊಬೈಲು ಕಟ್ಟಿಕೊಟ್ಟಿದ್ದ. ಚಂದ್ರು ಅದರಲ್ಲಿ ಕಬಡ್ಡಿ ನೋಡುತ್ತಿದ್ದ. ಒಂದು ಭಾನುವಾರ, ತಾಯಿ ಹೊರಗೆ ಹೋದಾಗ, “ಆ ವಿಡಿಯೋ ಅದೆ, ಆಕು” ಅಂದ. ಆವತ್ತಿನ ಪಂದ್ಯವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹಾಕಿದ್ದರು. ಅಣ್ಣ ಆಗಲ್ಲ ಅಂದ. ಚಂದ್ರು ಬಿಡಲಿಲ್ಲ. ವಿಡಿಯೋ ಹಾಕಿ ಅಣ್ಣ ಮುಖ ಆ ಕಡೆ ತಿರುಗಿಸಿದ.

“ನೋಡ್ಲಾ. ನಾನೇ ನೋಡ್ತಾವ್ನಿ, ನಿಂಗೇನು?”

ನೋಡಿದ. ಇಬ್ಬರೂ ನೋಡಿದರು. ಮೈಕಿನವನ ಕೂಗು, ಚಪ್ಪಾಳೆ. ಮುಗಿದ ಮೇಲೆ ಚಂದ್ರು ಇನ್ನೊಂದು ಸಲ ಹಾಕಿಸಿದ. ಆಮೇಲೆ ಹೇಳಿದ: “ನಾನು ಬಾರ ಎಡಗಾಲ್ ಮ್ಯಾಲೆ ಬುಟ್ಟಿದ್ದೆ. ಒಳ್ಳೇ ಕ್ಯಾಚು ಕಣಣ್ಣ.”

ಇದನ್ನು ಅಣ್ಣ ನನಗೆ ಹೇಳಿದ್ದು ಶ್ರೀರಂಗಪಟ್ಟಣದಲ್ಲಿ, ಯಾವುದೋ ಮದುವೆಗೆ ಬಂದವನು ನನ್ನ ಜೊತೆ ಹೊಳೆಯ ದಂಡೆಯಲ್ಲಿ ಕೂತಿದ್ದಾಗ. ಹೇಳಿ ಮುಗಿಸಿ, ಎದ್ದು ಮೆಟ್ಟಿಲಿಳಿದು ನೀರಿನ ಹತ್ತಿರ ಹೋಗಿ ನಿಂತ. ಅವನು ಅಳುವುದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಅವತ್ತೂ ಬೆನ್ನನ್ನಷ್ಟೇ ನೋಡಿದೆ.

ಹೀಗೇ ವರ್ಷಗಳು ಹೋದವು. ಅಣ್ಣನ ಮುಖ ಊದಿಕೊಳ್ಳತೊಡಗಿತು. ಬೆಳಿಗ್ಗೆ ಚಪ್ಪಲಿ ಕಾಲಿಗೆ ಹಿಡಿಯುತ್ತಿರಲಿಲ್ಲ. ಅಷ್ಟು ಕಾಲ ನುಂಗಿದ ನೋವಿನ ಮಾತ್ರೆಗಳು ಮೂತ್ರಪಿಂಡ ತಿಂದಿವೆ ಅಂತ ಡಾಕ್ಟರು ಹೇಳಿದರು. ಡಯಾಲಿಸಿಸ್ ಶುರುವಾಯಿತು. ಚಂದ್ರುವಿನ ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ಅವರಿಗೇ ಸಾಕಷ್ಟಿದೆ ಅಂತ. ಸೂಜಿ ಚುಚ್ಚಿದ ತೋಳು ಕಾಣದಿರಲೆಂದು ತುಂಬುತೋಳಿನ ಅಂಗಿ ಹಾಕಿಕೊಂಡು ಹೋಗುತ್ತಿದ್ದ.

ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ನೋಡಲು ಹೋದೆ. ಕಿಟಕಿಯ ಪಕ್ಕದ ಮಂಚ. ಮೈಯಲ್ಲಿ ಆ ಹಳೆಯ ಗಟ್ಟಿತನ ಒಂದಿಷ್ಟೂ ಇರಲಿಲ್ಲ. ಆಟದ ವಿಷಯ ಏನೋ ಮಾತಾಡಿದೆ. ಅವನು ಕೇಳಿಸಿಕೊಳ್ಳಲಿಲ್ಲ.

“ಓದ್ ಭಾನ್ವಾರ ಚಂದ್ರುನ ಎತ್ತೋವಾಗ ಕೈ ಬುಟ್ಬುಟ್ಟೆ ಕಣ್ಲಾ” ಅಂದ. “ಶಕ್ತಿ ಇರ್ನಿಲ್ಲ. ಮಂಚದ್ ಅಂಚು ಅವನ್ ತಲೆಗೆ ಬಡೀತು.”

“ಏಟಾಯ್ತಾ?”

“ಏಟು ಜಾಸ್ತಿ ಆಗ್ಲಿಲ್ಲ. ‘ಆವತ್ತು ಬುಡ್ಬೇಕಾಗಿತ್ತು, ನೀನು ಬುಡ್ನಿಲ್ಲ. ಇವತ್ತು ಇಡೀಬೇಕಾಗಿತ್ತು, ಬುಟ್ಬುಟ್ಟೆ, ಇನ್ ಈ ಮನೆ ಕಡೆ ಬರ್‌ಬ್ಯಾಡ’ ಅಂದ ಚಂದ್ರು.” ಉಸಿರು ಸಾಲದೆ ನಿಲ್ಲಿಸಿದ. “ಸರಿಯಾಗೇ ಅಂದ.”

“ಕಾಯಿಲೆ ಅಂತ ಹೇಳಬೇಕಿತ್ತಣ್ಣ.”

“ಯೋಳಿ? ಪಾಪ ಅನ್ನುಸ್ಕಂಡು ಕೂತಿರ್ಲಾ ಅವನೆದುರ್ಗೆ?” ಆಮೇಲೆ ಕೇಳಿದ: “ಇವತ್ತು ಯಾವಾರ?”

ಗುರುವಾರ ಅಂದೆ.

“ಈ ಭಾನ್ವಾರ ಆಗಾಕಿಲ್ಲ. ಮುಂದಿನ್ ಭಾನ್ವಾರ ಓಯ್ತೀನಿ. ಬೈಲಿ.”

ಮುಂದಿನ ಭಾನುವಾರದ ಹೊತ್ತಿಗೆ ಅವನನ್ನು ಬಿಂಡಿಗನವಿಲೆ ಕಡೆಯ ಅವನ ಹೊಲದಲ್ಲಿ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದ್ದೆವು. ಮಣ್ಣಿಗೆ ನೂರಾರು ಜನ ಬಂದಿದ್ದರು. ಹಳೆಯ ಆಟಗಾರರು ಬಂದಿದ್ದರು. ಯಾವುದೋ ಚಾನೆಲಿನವರು ಬಂದು, ನಾಡಿನ ಹೆಮ್ಮೆ ಅಂತೆಲ್ಲ ಹೇಳಿ ಹೋದರು. ಚಂದ್ರುವಿನ ಮನೆಗೆ ಯಾರು ತಿಳಿಸಬೇಕು ಅನ್ನುವುದು ಆ ಗಲಾಟೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ತಿಥಿಯಾದ ಮೇಲೆ ಅವನ ಹೆಂಡತಿಯೇ ನೆನಪಿಸಿದರು. “ಫೋನಲ್ಲಿ ಯೋಳಕ್ಕೆ ನನ್ ಕೈಲಾಗಾಕಿಲ್ಲ. ನೀವು ಓಗ್ಬನ್ನಿ” ಎಂದರು.

ಭಾನುವಾರವೇ ಹೋದೆ. ಬೇರೆ ದಿನ ಹೋಗಲು ಮನಸ್ಸಾಗಲಿಲ್ಲ. ಜಯಮ್ಮ ಬಾಗಿಲಲ್ಲಿ ರಾಗಿ ಕೇರುತ್ತಿದ್ದರು. ನಾನು ಅಣ್ಣನ ಊರಿನವನು ಅಂತ ಹೇಳಿದೆ, ಆಮೇಲೆ ವಿಷಯ ಹೇಳಿದೆ. ಮೊರ ಅವರ ಕೈಯಲ್ಲೇ ನಿಂತಿತು. “ಅಯ್ಯೋ ಕಂದ” ಎಂದರು. ಅದು ಯಾರಿಗೆ ಅಂದದ್ದೋ ತಿಳಿಯಲಿಲ್ಲ. ಆ ಕ್ಷಣಕ್ಕೆ ಒಳಗಿನಿಂದ ದನಿ ಬಂತು.

“ಯಾರವ್ವಾ? ಅಣ್ಣ ಬಂದ್ನಾ?”

ಒಳಗೆ ಹೋದೆ. ನಾನು ಕಂಡಿದ್ದ ಮಿಂಚಿನ ಕಾಲಿನ ಹುಡುಗ ಈಗ ಮೂವತ್ತರ ಹತ್ತಿರದ ಗಂಡಸು. ಮುಖ ಮಾತ್ರ ದೊಡ್ಡದಾಗಿತ್ತು, ಹೊದಿಕೆಯ ಕೆಳಗಿನ ಮೈ ಚಿಕ್ಕದಾಗಿತ್ತು. ಗಡ್ಡ ಬೆಳೆದಿತ್ತು. ಕಂಬಿಯ ಮೊಬೈಲನ್ನು ಅಣ್ಣ ಬರುವುದು ನಿಂತಂದಿನಿಂದ ಹಾಕಿಸಿಕೊಂಡಿರಲಿಲ್ಲವಂತೆ. ನಾನು ಯಾರೆಂದು ಹೇಳಿದೆ. “ಗೊತ್ತು. ಎಡಗಡೆ ಕವರು. ಪಸ್ಟು ರೈಡಲ್ಲೇ ನಿನ್ನ ಔಟ್ ಮಾಡಿದ್ದೆ” ಅಂದ. ಮುಚ್ಚಿಡದೆ ಎಲ್ಲ ಹೇಳಿದೆ. ಕಾಯಿಲೆ, ಡಯಾಲಿಸಿಸ್, ತುಂಬುತೋಳಿನ ಅಂಗಿ, ಸಾವು.

ಅವನು ಸೂರು ನೋಡುತ್ತಿದ್ದ. “ನಾನು ಬರ್‌ಬ್ಯಾಡ ಅಂದಿದ್ಕೇ ಬತ್ತಿಲ್ಲ ಅನ್ಕಂಡಿದ್ದೆ” ಅಂದ. “ಅಷ್ಟ್ ವರ್ಷದಲ್ಲಿ ಎಷ್ಟೊಂದ್ ಸಲ ಅಂದಿದ್ದೆ. ಯಾವತ್ತೂ ನಿಂತೋನಲ್ಲ. ಈ ಸಲ ಯಾಕ್ ನಿಂತ್ಕಂಡ ಅಂತ ಅವ್ವನ ಮ್ಯಾಲೂ ರೇಗ್ದೆ.”

“ಅವನು ಅದಕ್ಕೆ ನಿಂತದ್ದಲ್ಲ ಚಂದ್ರು. ಆಸ್ಪತ್ರೆಯಲ್ಲಿ ನನಗೆ ಹೇಳಿದ್ದ. ಮುಂದಿನ ಭಾನುವಾರ ಹೋಗ್ತೀನಿ, ಬೈಯಲಿ ಅಂತ.”

“ಅಂಗಂದ್ನಾ?”

“ಅಂದ.”

“ಆದ್ರೂ ಬತ್ತಿದ್ನಾ?”

“ಬರ್ತಿದ್ದ.”

ಹೊರಗೆ ಯಾವುದೋ ಟ್ರಾಕ್ಟರು ಹೋಯಿತು. ಅವನ ಮುಖದ ಮೇಲೆ ಒಂದು ನೊಣ ಕೂತಿತು. ನಾನು ಅದನ್ನು ಓಡಿಸಿದೆ. ಅವನ ಗಲ್ಲ ಅದುರುತ್ತಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

“ಅವ್ವ” ಅಂತ ಕರೆದ. “ನನ್ನ ಗ್ವಾಡೆ ಕಡೀಕೆ ತಿರುಗ್ಸವ್ವ.”

ಜಯಮ್ಮ ಒಳಗೆ ಬಂದು ಅವನ ಸೊಂಟದ ಕೆಳಗೆ ಕೈ ಕೊಟ್ಟರು. ನಾನು ಭುಜ ಹಿಡಿದೆ. ಇಬ್ಬರೂ ಸೇರಿ ಅವನನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿ, ಬೆನ್ನಿಗೆ ದಿಂಬು ಒತ್ತಿ, ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.